ಡಬ್ಬಿ ವಾಪಸು

ಓದಲು ಕಲಿತ ಮಗು ಹಿಂದಿನ ಸೀಟಿನಲ್ಲಿದ್ದರೆ
ರಸ್ತೆ ಬೇಗ ಸಾಗುವುದಿಲ್ಲ.
ಹಾಸನದ ರಿಂಗ್ ರೋಡು ದಾಟುವ ಹೊತ್ತಿಗೇ ಇಂಪನ
ಎರಡು ಟೈರಂಗಡಿ, ಒಬ್ಬ ದಂತ ವೈದ್ಯರು,
‘ಇಲ್ಲಿ ಮೂತ್ರ ಮಾಡಬಾರದು’
ಎಲ್ಲ ಓದಿ ಮುಗಿಸಿದ್ದಳು.
ಅದನ್ನು ಕೇಳಿದ್ದೇ ಲೋಚನನಿಗೆ ಉಚ್ಚೆ ಬಂತು.
ಎರಡೂವರೆ ವರ್ಷ. ಬಂತೆಂದರೆ ಬಂತು.

ಎರವಲು ಓಮ್ನಿ, ಸೆಕೆಂಡ್ ಗೇರಿಗೆ ಗೊಣಗುತ್ತದೆ.
ಇವರಿಗೆ ಡಿಪೋದಲ್ಲಿ ಡ್ಯೂಟಿ.
‘ನೀನೇ ಹೋಗ್ಬಾ, ನಿಮ್ಮಕ್ಕ ತಾನೆ’ ಅಂದಿದ್ದರು
ಬೀಗದ ಕೈ ಕೊಡುತ್ತಾ, ನನ್ನ ಮುಖ ನೋಡದೆ.

ಪಕ್ಕದ ಸೀಟಿನಲ್ಲಿ ಬೆಲ್ಟು ಹಾಕಿಸಿಕೊಂಡು
ಕೂತಿದೆ ಸ್ಟೀಲ್ ಡಬ್ಬಿ.
ನಾಲ್ಕು ವರ್ಷ ನಮ್ಮ ಅಟ್ಟದ ಮೇಲಿತ್ತು.
ಅಮ್ಮನ ಹನ್ನೊಂದರ ಊಟದಲ್ಲಿ ಉಳಿದ ಲಾಡು
ತುಂಬಿ ಕಳಿಸಿದ್ದಳು ಅಕ್ಕ,
ಓಲೆಯ ಮಾತು ಬರುವ ಮುಂಚೆ.
ಒಂದು ಜೊತೆ ಓಲೆ. ಕಲ್ಲೂ ಇಲ್ಲದ್ದು.

‘ಹ-ಳೇ-ಬೀ-ಡು.’ ಇಳಿದೆವು ನಜೀಮಾಳ ಮನೆಗೆ.
ನರ್ಸಿಂಗ್ ಹಾಸ್ಟೆಲಿನಲ್ಲಿ ಒಂದೇ ಬಕೆಟ್ಟಿಗೆ
ಇಬ್ಬರ ಬಟ್ಟೆಯನ್ನೂ ನೆನೆಸಿದವಳು.
ಮಕ್ಕಳಿಗೆ ಹಾಲು, ನನಗೆ ಬೈಗುಳ.
ದೇವಸ್ಥಾನ ನೋಡೋಣ್ವಾ ಅಂದರೆ ಇಂಪನ
‘ಕೋಳಿಮರಿ ನೋಡ್ತೀನಿ’ ಅಂದಳು.
ಒಂದು ಗಂಟೆ ಅದೇ ಆಯಿತು.

ಹೊರಡುವಾಗ ಡಬ್ಬಿ ಎತ್ತಿ ಅಲ್ಲಾಡಿಸಿದಳು ನಜೀಮಾ.
‘ಖಾಲಿ ಡಬ್ಬಿ ವಾಪಸ್ ಕೊಡ್ತಾರೇನೇ ಯಾರಾದ್ರೂ?’
ಮೂರು ದಿನ ಯೋಚಿಸಿದ್ದೆ.
ಸಿಹಿ ಇಟ್ಟರೆ ಸೋತಂತೆ, ಖಾರ ಇಟ್ಟರೆ ಕೆಣಕಿದಂತೆ,
ಏನೂ ಇಡದೆ ತಂದಿದ್ದೆ.
ಅವಳು ಒಳಗೆ ಹೋಗಿ ಶಂಕರಪೋಳಿ ಸುರಿದು,
ಕತ್ತಿನವರೆಗೆ, ಮುಚ್ಚಳ ಅಮುಕಿ
ಮಕ್ಕಳ ನಡುವೆ ಇಟ್ಟಳು.
ಅಲ್ಲಿಡಬಾರದಿತ್ತು.

ಜಾವಗಲ್ ಕಳೆದು ಆಲೂಗಡ್ಡೆ ಕಿತ್ತ ಹೊಲ,
ಮೂಟೆ ಹೊಲಿಯುತ್ತ ಕೂತ ಹೆಂಗಸರು.
ಹಿಂದಿನಿಂದ ಸದ್ದಿಲ್ಲ.
ಮಕ್ಕಳು ಸುಮ್ಮನಿದ್ದಾರೆಂದರೆ ತಾಯಿಗೆ ಗೊತ್ತಾಗಬೇಕು.
ನಾನು ಮನಸ್ಸಿನಲ್ಲೇ ಅಕ್ಕನಿಗೆ ಉತ್ತರ ಕೊಡುತ್ತಿದ್ದೆ,
ಅವಳು ಇನ್ನೂ ಕೇಳದ ಪ್ರಶ್ನೆಗಳಿಗೆ.

ಬಾಣಾವರದಲ್ಲಿ ರೈಲ್ವೆ ಗೇಟು ಹಾಕಿತ್ತು.
ಗೂಡ್ಸಿನ ಬೋಗಿ ಎಣಿಸುತ್ತ ಇಂಪನ
ಐವತ್ತೆಂಟಕ್ಕೆ ನಿಂತಳು,
ಬಾಯಿ ತುಂಬಾ ಏನೋ ಇತ್ತು.
ತಿರುಗಿ ನೋಡಿದೆ: ಮುಚ್ಚಳ ಲೋಚನನ ತಲೆ ಮೇಲೆ.
ಬೈಯಲು ಬಾಯಿ ತೆರೆದೆ.
‘ಅಮ್ಮ, ಇದರ ಮೇಲೆ ಹೆಸರು ಕೆತ್ತಿದೆ. ಪಂ-ಕ-ಜಾ...
ಆಮೇಲಿಂದು ಬರಲ್ಲ. ಮಿಸ್ ಹೇಳ್ಕೊಟ್ಟಿಲ್ಲ.’
ಗೇಟು ಎದ್ದಿತು, ಹಿಂದಿನ ಲಾರಿಗೆ ಅವಸರ.
ನಾನೂ ಹೇಳಿಕೊಡಲಿಲ್ಲ.

ಕಡೂರು. ಅಕ್ಕ ಬಾಗಿಲಲ್ಲೇ ಇದ್ದಳು,
ಕನ್ನಡಕ ಬಂದಿದೆ.
‘ಬಂದ್ಯಾ’ ಅಂದಳು. ‘ಬಂದೆ’ ಅಂದೆ.
ಆಮೇಲೆ ಇಬ್ಬರೂ ನಮ್ಮ ನಮ್ಮ ಚಪ್ಪಲಿ ನೋಡಿಕೊಂಡೆವು.

ಇಂಪನ ಡಬ್ಬಿ ಹಿಡಿದು ಮುಂದೆ ಹೋದಳು.
‘ಪಂಕಜಾ ಅಂದ್ರೆ ನೀವೇನಾ?
ಅರ್ಧ ಹೆಸರೇ ಓದೋಕೆ ಬಂದಿದ್ದು.
ತಿಂಡಿ ಮಾತ್ರ ಅರ್ಧಕ್ಕಿಂತ ಜಾಸ್ತಿ ತಿಂದ್ವಿ.’

‘ನೀವು ಅಲ್ಲ, ನೀನು ಅನ್ನು. ನಾನು ದೊಡ್ಡಮ್ಮ.’
ಅಕ್ಕ ಡಬ್ಬಿ ಅಲ್ಲಾಡಿಸಿದಳು. ಮೂರೋ ನಾಲ್ಕೋ ಸದ್ದು.
ನಕ್ಕಳೋ, ಕೆಮ್ಮಿದಳೋ.
ಇಪ್ಪತ್ತೆರಡು ವರ್ಷ ಅಂಗನವಾಡಿಯಲ್ಲಿ ಪಳಗಿದ ಕೈ,
ತಂಬಿಗೆ ನೀರಿಗೆ ಬೆರಳದ್ದಿ
ಮೆಟ್ಟಿಲ ಕಲ್ಲಿನ ಮೇಲೆ ದೊಡ್ಡದಾಗಿ ಬರೆಯಿತು: ಕ್ಷ.

‘ಎಲ್ಲೆಲ್ಲಿ ಬರತ್ತೆ ಇದು?’
‘ಪಕ್ಷಿ. ರಿಕ್ಷಾ. ಅಕ್ಷರ. ಇನ್ನೂ...’
ಅಲ್ಲಿಗೆ ನಿಲ್ಲಿಸಿ ನನ್ನ ಕಡೆ ನೋಡಿದಳು.
ನಾನು ಡಿಕ್ಕಿಯಲ್ಲಿ ಇಲ್ಲದ ಟವೆಲ್ಲು ಹುಡುಕಿದೆ.

ಬಿಸಿಲಿಗೆ ಕಲ್ಲು ಆರಿತು.
‘ಹೋಯ್ತು. ಇನ್ನೊಂದ್ಸಲ ಬರಿ, ದೊಡ್ಡಮ್ಮ.’
ಅಕ್ಕ ಮತ್ತೆ ಬೆರಳದ್ದಿದಳು,
‘ನೀನೂ ಬಾರೇ’ ಅಂದಳು, ಯಾರಿಗೋ.
ಓಮ್ನಿಯೊಳಗಿನಿಂದ ಲೋಚನ ಕೂಗಿದ,
ಮತ್ತೆ ಬಂದಿದೆಯಂತೆ.