ರೂಪಾಯಿಯಷ್ಟು ಶೆಲ್ಲು

ಉಮದಿ ಸ್ಟ್ಯಾಂಡಿನ ಹಿಂದ, ಗಿರಣಿಗೆ ಹತ್ತಿದ ಖೋಲಿ ನನ್ನದು.
ಹಿಟ್ಟಿನ ಧೂಳು ದಿನಾ ಬರತೈತಿ,
ಬಾಡಿಗಿ ತಿಂಗಳಿಗೊಮ್ಮೆ ಹೋಗತೈತಿ.

ನಿನ್ನೆ ರಾತ್ರಿ ಕಂಪ್ಯೂಟರ್ ಕೇಳಿತ್ತು:
ಅಪ್‌ಡೇಟ್ ಐತಿ, ರಿಸ್ಟಾರ್ಟ್ ಮಾಡಲೇನು?
ಹೂಂ ಅಂದಿದ್ದೆ.
ಹೂಂ ಅನ್ನೂದು ನನಗ ರೂಢಿ.

ಮುಂಜಾನೆ ಬಟನ್ ಒತ್ತಿದರ
ಒಳಗ ಫ್ಯಾನ್ ತಿರಗತೈತಿ, ಹಸರ ದೀಪ ಹತ್ತತೈತಿ,
ಪರದೆ ಮಾತ್ರ ಕರ್ರಗ,
ಒಲಿ ಆರಿದ ಮ್ಯಾಲಿನ ರೊಟ್ಟಿ ಹಂಚು.

ಬಾಕಿನ ಮ್ಯಾಲ ನಾಕು ಮಂದಿ.
ಸಾತಬಾರಾ ಉತಾರಕ್ಕ ಇಬ್ಬರು,
ಜಾತಿ ದಾಖಲೆಕ್ಕ ಒಬ್ಬ ಹುಡುಗ, ಕಡೀಕ ಜಕ್ಕವ್ವ.
ಸಿದರಾಯನ ಹೆಸರು ಹೊಲದಿಂದ ತಗಸಿ
ತನ್ನ ಹೆಸರು ಹಚ್ಚಿಸಬೇಕು ಅಕಿ.
ತಲಾಠಿ ಗುರುವಾರಷ್ಟ ಬರತಾನ.
ಇವತ್ತು ಗುರುವಾರ.

ದಸ್ತಗೀರಗ ಫೋನ್ ಹಚ್ಚಿದೆ.
ಅಂವ ಜತ್ತದಾಗ ಯಾರದೋ ಪ್ರಿಂಟರಿನ ಹೊಟ್ಟ್ಯಾಗ ಕೈ ಇಟ್ಟಿದ್ದ.
"ಕೀಬೋರ್ಡಿನ ದೀಪ ಹತ್ತತಾವೇನು?"
ಹತ್ತತಾವ.
"ಮಾನಿಟರಿನ ವಾಯರ್ ಬಿಚ್ಚಿ ಮತ್ತ ಹಚ್ಚು,
ಎರಡೂ ಕಿವಿ ತಿರುವಿ ಬಿಗಿ ಮಾಡು."
ಗಣಿತದ ಮಾಸ್ತರು ನನ್ನವು ತಿರುವಿದಷ್ಟು ತಿರುವಿದೆ.
ಕರ್ರಗ.

"ಹಂಗಾರ ಡಬ್ಬಿ ಬಿಚ್ಚು."
ಒಳಗ ಒಂದು ಹಿಡಿ ಹಿಟ್ಟು. ಜೋಳದ್ದು,
ವಾಸನಿ ನೋಡಿದರ ಕಡ್ಲಿದ್ದೂ ಇರಬೇಕು.
"ಹಸರ ಪಟ್ಟಿ ಕಾಣತೈತಲ್ಲ, ಅದ ಅದರ ನೆನಪು.
ತಗದು ಹಲ್ಲು ರಬ್ಬರಲೆ ತಿಕ್ಕು."
ರಬ್ಬರು ಹುಡುಗನ ಕಂಪಾಸಿನಾಗ ಇತ್ತು, ಒಂದು ಮೂಲಿ ಕಡದದ್ದು.
ಬಂಗಾರದ ಬಣ್ಣದ ಹಲ್ಲು, ಒಂದೊಂದ ತಿಕ್ಕಿ
ಮತ್ತ ಒತ್ತಿ ಕೂಡಿಸಿದೆ. ಬಟನ್.

ಒಂದು ಉದ್ದ ಕೂಗು, ಎರಡು ಗಿಡ್ಡ.
ನಮ್ಮ ಕಡೆ ಫಾರ್ಮು ಮರಾಠಿ, ಬೈಗಳ ಕನ್ನಡ,
ತಪ್ಪಾತು ಅನ್ನೂದು ಇಂಗ್ಲೀಷು.
ಇದು ಯಾವ ಭಾಷೆ, ದಸ್ತಗೀರ?
"ಕೂಗಿತಲ್ಲ," ಅಂದ, "ಜೀವ ಐತಿ."

ಜಕ್ಕವ್ವ ಎದ್ದು ಬಂದ್ಲು,
ಕರೀ ಪರದೆದಾಗ ನೋಡ್ಕೋತ ಸೆರಗ ಸರಿ ಮಾಡ್ಕೊಂಡ್ಲು.
"ಛಲೋ ಐತಿದು. ಮಾರಿ ಕಾಣತೈತಿ, ಸುಕ್ಕ ಕಾಣಂಗಿಲ್ಲ."

"ಕಡೀ ಉಪಾಯ," ದಸ್ತಗೀರ ಅಂದ.
"ರೂಪಾಯಿಯಷ್ಟು ಒಂದು ಶೆಲ್ಲು ಐತಿ ನೋಡು,
ಕರೆಂಟಿನ ವಾಯರ್ ಕಿತ್ತು, ಉಗುರಲೆ ಅದನ್ನ ಎಬ್ಬಸು.
ಒಂದು ಚಾ ಕುಡಿಯೂ ಹೊತ್ತು ಹಂಗ ಬಿಡು.
ಎಲ್ಲಾ ಮರೀಲಿ.
ಮರೆತರ ಎದ್ದರೂ ಎದ್ದೀತು."

ಚಾ ಕುಡದಿವಿ. ಜಕ್ಕವ್ವನ ಬಶಿ ಖಾಲಿ ಆಗೂತನ ತಡದೆ.
ಶೆಲ್ಲು ಕೂಡಿಸಿ, ವಾಯರ್ ಹಚ್ಚಿ, ಒತ್ತಿದೆ.

ಬಿಳಿ ಅಕ್ಷರ. ಆಮ್ಯಾಲ ನೀಲಿ.
ಆಮ್ಯಾಲ ನನ್ನ ತಂಗಿ ಮಗಳ ಫೋಟೋ, ಅದರ ಮ್ಯಾಲ ಎಲ್ಲಾ ಫೈಲು.
ಮೂಲ್ಯಾಗ ತಾರೀಖು:
ಒಂದನೇ ಜನವರಿ, ಎರಡು ಸಾವಿರದ ಒಂಬತ್ತು.
ಗುರುವಾರ.
ಗುರುವಾರ ಅನ್ನೂದಷ್ಟ ಖರೆ.

ಸರಕಾರದ ಸೈಟು ಬಾಗಲಾ ತಗೀಲಿಲ್ಲ.
ನೀ ಹೇಳೂ ದಿನಕ್ಕ ನಾ ಹುಟ್ಟೇ ಇಲ್ಲ ಅಂತು.

ಚಾಷ್ಟಿಗೆ ಅಂದೆ: ಜಕ್ಕವ್ವಾ,
ಇದರ ಲೆಕ್ಕದಾಗ ನಿನ್ನ ಗಂಡ ಇನ್ನ ಅದಾನ.

ಅಕಿ ಬೆರಳ ಮಡಚಿದ್ಲು.
"ಆ ವರ್ಷ ಬಾಂವಿ ತೋಡಿಸಿದ್ದ. ನೀರ ಬೀಳಲಿಲ್ಲ.
ಚೈತ್ರದಾಗ ನನ್ನ ಬೋರಮಾಳ ಮಾರಿದ್ದ.
ಜನವರಿ ಅಂದ್ರ... ಇನ್ನ ಮಾರಿಲ್ಲ?"
ಬಾಕಿನ ಮ್ಯಾಲ ಎಲ್ಲಾರೂ ನಕ್ಕರು.
ಅಕಿ ಕೊಳ್ಳ ಮುಟ್ಟಿ ನೋಡ್ಕೊಂಡ್ಲು.

"ಬ್ಯಾಡ. ಖರೆ ತಾರೀಖು ಹಾಕು.
ಅಷ್ಟು ವರ್ಷದ ರೊಟ್ಟಿ ಮತ್ತ ಯಾರು ಬಡೀಬೇಕು?
ಅಂವ ಹೋಗಿ ಇವತ್ತಿಗೆ ಮೂವತ್ತೇಳು ದಿನ."

ನಾ ಫೋನ್ ನೋಡೂಕಿಂತ ಮೊದಲ
ಗ್ವಾಡಿಯ ಕ್ಯಾಲೆಂಡರದಾಗ ಎಣಿಸಿದೆ.
ಒಂದು ದಿನಾನೂ ತಪ್ಪಿರಲಿಲ್ಲ ಅಕಿ.

ಸೈಟು ತಗೀತು. ಮೃತನ ಹೆಸರು, ಕೇಳಿತು.
ಸಿ ಅಂತ ಒತ್ತೂದರಾಗ
ನಡುವ ಒಂದು ಡಬ್ಬಿ ಎದ್ದಿತು:
ಅಪ್‌ಡೇಟ್ ಪೂರಾ ಆಗಿಲ್ಲ, ರಿಸ್ಟಾರ್ಟ್ ಮಾಡಲೇನು?

ಬ್ಯಾಡಾ, ಅಂತ ಬಾಕಿಗೆ ಬಾಕ ಒದರಿತು.

ಹುಡುಗ ರಬ್ಬರು ವಾಪಸ್ ಕೇಳಿದ.
ಕರ್ರಗಾಗಿತ್ತು. ಚೂಡಿಗೆ ಒರಸಿ ಕೊಟ್ಟೆ.