ಕೋಟಿನ ಚುಂಗು

ಅಂಕಣದ ಗೆರೆ ದಾಟಿ ರೆಫರಿಯ ಮೇಲೆ
ಏರಿ ಹೋಗಬಾರದು ಯಜಮಾನ.
ಹೋದರೆ ದಂಡ, ಎದುರಾಳಿಗೆ ಎರಡು ಪುಕ್ಕಟೆ ಎಸೆತ.
ಅದಕ್ಕೇ ನನ್ನ ಬಲಗೈಗೊಂದು ಕೆಲಸ:
ಅವನ ಕೋಟಿನ ಚುಂಗು ಹಿಡಿದಿರುವುದು.

ಹತ್ತೊಂಬತ್ತು ವರ್ಷ, ಆರು ಕಾಲೇಜು.
ಟ್ವೀಡು, ಲಿನನ್ನು, ಒಮ್ಮೆ
ಕೋಳಿಜುಟ್ಟಿನ ಬಣ್ಣದ ವೆಲ್ವೆಟ್ಟು.
ಕಣ್ಣು ಕಟ್ಟಿ ಬಿಟ್ಟರೂ ಬಟ್ಟೆ ಮುಟ್ಟಿ
ಹೇಳಬಲ್ಲೆ: ಯಾವ ಊರು, ಎಷ್ಟು ಸೋಲು.

ಮೊದಲನೆಯದು ನಾರ್ತ್ ಡಕೋಟಾ. ಸಂಬಳವಿಲ್ಲ.
ಕುಸ್ತಿಯವರ ಚಾಪೆಯೇ ಹಾಸಿಗೆ,
ಬಾಯ್ಲರಿನ ಕೋಣೆಯೇ ಮನೆ.
ಹದಿನಾಲ್ಕು ಜರ್ಸಿ ಒಗೆದು ಹರವುವಾಗ
ಮೂಗಿಗೇ ಗೊತ್ತಾಗುತ್ತಿತ್ತು ಯಾವುದು ಯಾರದೆಂದು.
ಬಸ್ಸನ್ನೂ ನಾನೇ ಓಡಿಸಿದೆ, ಹಿಮದಲ್ಲಿ,
ಬೆನ್ನ ಹಿಂದೆ ಸೋತ ಹುಡುಗರ ಗೊರಕೆ.

ಆಮೇಲೆ ಕಾನ್ಸಸ್. ಆಮೇಲೆ ಒಹಾಯೊ, ಎರಡು ಸಲ.
ಯಜಮಾನ ಗೆದ್ದರೆ ದೊಡ್ಡ ಊರಿಗೆ ಹಾರುತ್ತಾನೆ,
ಜಾಗವಿದ್ದರೆ ನನ್ನನ್ನೂ ಹಾಕಿಕೊಂಡು.
ಸೋತರೆ ಬೆಳಿಗ್ಗೆ ಒಂಬತ್ತಕ್ಕೆ ಅವನಿಗೆ ಕರೆ,
ಒಂಬತ್ತೂಕಾಲಿಗೆ ನಮಗೆ.
ಅವನ ಪಾಲಿಗೆ ಇನ್ನೂ ಮೂರು ವರ್ಷದ ಸಂಬಳ,
ನನಗೊಂದು ರಟ್ಟಿನ ಡಬ್ಬಿ,
ಬೀಗದ ಕೈ ಒಪ್ಪಿಸಿದ್ದಕ್ಕೆ ರಸೀದಿ.

ನಡೀನ್ ಈಗ ಪರದೆ ಹೊಲಿಯುವುದಿಲ್ಲ.
ಒಂದು ಬಾಡಿಗೆ ಮನೆಯ ಕಿಟಕಿಯ ಅಳತೆ
ಇನ್ನೊಂದಕ್ಕೆ ಕೂಡುವುದಿಲ್ಲ.
ಯಾವ ಊರು ನಿನ್ನದು ಎಂದರೆ ಮಗಳು
ತಂಡದ ಬಣ್ಣ ಹೇಳುತ್ತಾಳೆ:
ಮೊದಲು ನೇರಳೆ, ಆಮೇಲೆ ಹಸಿರು, ಸದ್ಯಕ್ಕೆ ಕಿತ್ತಳೆ.

ಲೂಯಿಸಿಯಾನದ ಒಂದು ಅಡುಗೆಮನೆ.
ಒಡೀಲ್ ಫಾಂಟ್ನೋ ಎಂಬ ಅಜ್ಜಿ
ಬೆಂಡೆಕಾಯಿಯ ಗಂಬೋ ಬಡಿಸಿದಳು.
ಮೊಮ್ಮಗ ಟೇವಿಯಸ್ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ,
ನಾಚಿಕೆಗಲ್ಲ, ಬಾಗಿಲು ಗಿಡ್ಡ.
ಆಟದ ಮಾತೇ ಎತ್ತಲಿಲ್ಲ ಅವಳು.
ಕೇಳಿದ್ದು ಒಂದೇ: ನಾಲ್ಕು ವರ್ಷವೂ
ನೀನು ಇರುತ್ತೀಯಾ ಅಲ್ಲಿ?
ಇರುತ್ತೇನೆ ಅಂದೆ. ಅವಳ ಉಪ್ಪು
ಇನ್ನೂ ನಾಲಿಗೆಯ ಮೇಲಿತ್ತು.
ಏಳನೆಯ ತಿಂಗಳು ನಾನು ಇಂಡಿಯಾನಾದಲ್ಲಿದ್ದೆ.
ಈಗಲೂ ಈಸ್ಟರಿಗೆ ಅವಳ ಕಾರ್ಡು ಬರುತ್ತದೆ,
ಹಳೆಯ ವಿಳಾಸಕ್ಕೆ ಯಾರೋ ಗೀಟು ಹಾಕಿ
ಪಕ್ಕದಲ್ಲಿ ಹೊಸದನ್ನು ಬರೆದಿರುತ್ತಾರೆ.
ಒಂದು ಬೈಗುಳವಿಲ್ಲ ಅದರಲ್ಲಿ. ಅದೇ ಕಷ್ಟ.

ಹೋದ ಫೆಬ್ರವರಿಯಲ್ಲಿ ನಡು ಋತುವಿನಲ್ಲೇ
ಯಜಮಾನನನ್ನು ಕಳಿಸಿದರು. ಉಳಿದ ಐದು ಪಂದ್ಯ
ನನ್ನವು. ಹೆಸರಿನ ಹಿಂದೆ ಒಂದು ಪದ: ತಾತ್ಕಾಲಿಕ.
ನಡೀನ್ ಇಸ್ತ್ರಿ ಮಾಡಿದ ಬೂದು ಕೋಟು ತೊಟ್ಟು ನಿಂತೆ,
ಕೂತೇ ನೋಡಿದ ಅಂಕಣ
ನಿಂತಾಗ ಇಷ್ಟು ಸಣ್ಣದೆಂದು ಗೊತ್ತಿರಲಿಲ್ಲ.
ಎರಡನೆಯ ಅರ್ಧ. ನಮ್ಮ ಹುಡುಗನ ಮೊಣಕೈ
ತಾಗಿಯೇ ಇರಲಿಲ್ಲ, ಸೀಟಿ ಊದಿದರು.
ಗೆರೆ ದಾಟಿದೆ. ಕೂಗಿದೆ. ಮತ್ತೂ ಒಂದು ಹೆಜ್ಜೆ.
ಬೆನ್ನ ಹಿಂದಿನ ಎಳೆತಕ್ಕೆ ಮೈಯೆಲ್ಲ ಕಾದಿತ್ತು.

ಯಾರೂ ಹಿಡಿಯಲಿಲ್ಲ.

ನನ್ನ ಕುರ್ಚಿಯಲ್ಲಿ ಕೂತ ಪ್ರೂಯಿಟ್, ಇಪ್ಪತ್ತಾರರ ಹುಡುಗ,
ಟ್ಯಾಬ್ಲೆಟ್ಟಿನಲ್ಲಿ ಅದೇ ಮೊಣಕೈಯನ್ನು
ಹಿಂದಕ್ಕೂ ಮುಂದಕ್ಕೂ ಓಡಿಸುತ್ತಿದ್ದ.
ಅವನಿಗೆ ಹೇಳಿಕೊಟ್ಟಿದ್ದೇನೆ: ಪರದೆ ಮುರಿಯುವುದು,
ಎಡಗೈಯವನನ್ನು ಬಲಕ್ಕೆ ದೂಡುವುದು. ಇದೊಂದನ್ನು ಹೇಳಿರಲಿಲ್ಲ.
ದಂಡ ಬಿತ್ತು. ಎರಡು ಎಸೆತ, ಒಂದು ಒಳಗೆ.
ಹದಿನಾಲ್ಕರಿಂದ ಸೋತೆವು,
ಆ ಒಂದು ಲೆಕ್ಕಕ್ಕೂ ಬರಲಿಲ್ಲ.

ಏಪ್ರಿಲ್. ಹೊಸ ಯಜಮಾನ ಬಂದ,
ತನ್ನವರನ್ನು ಕರೆದುಕೊಂಡೇ.
ನಿನ್ನೆ ಐಡಾಹೋದಿಂದ ಫೋನಿನಲ್ಲಿ ಕೇಳಿದರು:
ಐದು ವರ್ಷದ ನಂತರ ಎಲ್ಲಿರುತ್ತೀರಿ?
ನಾನು ತಿರುಗಿ ಕೇಳಿದೆ: ನಿಮ್ಮ ಕೋಚ್ ಕೋಟು ತೊಡುತ್ತಾರಾ?
ನಕ್ಕರು. ಈಗೆಲ್ಲ ಜಿಪ್ಪಿನ ಗಿಡ್ಡ ಅಂಗಿ,
ಚುಂಗೆಲ್ಲಿದೆ? ಬೆಲ್ಟು ಹಿಡಿಯಬೇಕು.

ನಡೀನ್ ಅಟ್ಟದ ಮೇಲಿನ ರಟ್ಟಿನ ಡಬ್ಬಿಗಳನ್ನು ಇಳಿಸಲು
ಕುರ್ಚಿ ಹತ್ತಿದ್ದಾಳೆ. ನನ್ನ ಕೈ
ಆಗಲೇ ಅವಳ ಸ್ವೆಟರಿನ ಅಂಚಿನಲ್ಲಿದೆ.
ಬೀಳಲ್ಲ, ಬಿಡು, ಅನ್ನುತ್ತಾಳೆ.
ಹೂಂ, ಅನ್ನುತ್ತೇನೆ.
ಬಿಡುವುದಿಲ್ಲ.