ಮಳೆಗಾಲದ ಹಾಜರಿ

ಜೂನ್ ಬಂದು ಬೋಗ್ಮಾಳೊ ಬೀಚಿನ ಛತ್ರಿಗಳು ಮಡಚಿದ ಮೇಲೆ
ಸೋಮಲಿ ಗುಡ್ಡ ಹತ್ತಿ ನಮ್ಮ ಕನ್ನಡ ಶಾಲೆಗೆ ಬರುತ್ತಾಳೆ,
ತಲೆಯ ಮೇಲೆ ಗೊಬ್ಬರಚೀಲದ ಕೊಪ್ಪೆ,
ಮುಂಗೈಯಲ್ಲಿ ಮಣಿಸರದ ಭಾರ ಕೊರೆದ ಗೆರೆ.

ಅ ಆ ಇ ಈ. ಆಗಸ್ಟಿಗೆ ಕ ಖ ಗ.
ಚೌತಿ ಮುಗಿದು ಮರಳಲ್ಲಿ ಶ್ಯಾಕುಗಳು ಏಳುವ ಹೊತ್ತಿಗೆ
ಪ ಫ ಬ ಭ ಮ.
ಅಷ್ಟರಲ್ಲಿ ಮೊದಲ ಚಾರ್ಟರ್ ವಿಮಾನ
ನಮ್ಮ ಹೆಂಚು ನಡುಗಿಸಿ ದಾಬೋಳಿಗೆ ಇಳಿಯುತ್ತದೆ.
ಮಾರನೆಯ ದಿನದಿಂದ ಅವಳ ಸಾಲು ಖಾಲಿ, ಮೇ ತನಕ.
ಮೂರು ವರ್ಷ ಹೀಗೇ.

ದಡ್ಡಿಯೇನಲ್ಲ.
ರಷ್ಯದವರಿಗೆ ರಷ್ಯದ ಮಾತಲ್ಲಿ ನೂರೈವತ್ತು ಅನ್ನುತ್ತಾಳೆ,
ದಿಲ್ಲಿಯವರಿಗೆ ಇನ್ನೂರು,
ಪೊಲೀಸರ ಕಾಲಿಗೆ ಕೊಂಕಣಿಯಲ್ಲೇ ಬೀಳುತ್ತಾಳೆ.
ನಿನ್ನ ಹೆಸರು ಬರಿ ಅಂದರೆ ಮಾತ್ರ
ಪಾಟಿಯ ಮೇಲೆ ಜಾಗ ಬಿಟ್ಟು, ನಡುವೆ ಒಂದು ಮ ಬರೆದು,
ಮತ್ತೆ ಜಾಗ ಬಿಡುತ್ತಾಳೆ.
"ಇವೆರಡು ಇನ್ನಾ ಬಂದಿಲ್ರಿ ಅಕ್ಕೋರ."

ಈ ಜೂನಿನಲ್ಲಿ ನಾನು ಕೊನೆಯಿಂದ ಶುರು ಮಾಡಿದೆ.
ಳ ಹ ಸ ಷ ಶ ವ ಲ ರ ಯ.
ಹೆಡ್ ಮಾಸ್ತರರು ಬಾಗಿಲಲ್ಲಿ ನಿಂತು,
ಹಾವನ್ನು ಬಾಲದಿಂದ ಹಿಡೀತೀರಾ, ಅಂದರು.
ಕೊಂಕಣ ರೈಲಿಗೆ ಸುರಂಗ ಕೊರೆದದ್ದು
ಎರಡೂ ಕಡೆಯಿಂದಲ್ಲವೇ ಸರ್, ಅಂದೆ.
ಸೆಪ್ಟೆಂಬರಿನ ಒಂದು ಮಂಗಳವಾರ, ಜಡಿಮಳೆಯಲ್ಲಿ,
ಆಚೆಯ ಗುದ್ದಲಿ ಈಚೆಗೆ ಕೇಳಿಸಿತು.

ಆದರೂ ಅಕ್ಟೋಬರ್ ಬಂತು. ವಿಮಾನ ಬಂತು.

ಚಪ್ಪಲಿ ಕೈಯಲ್ಲಿ ಹಿಡಿದು ನಾನೇ ಇಳಿದು ಹೋದೆ.
ಅವಳವ್ವ ಘಮಾಬಾಯಿ ಗಂಟು ಬಿಚ್ಚುತ್ತಿದ್ದಳು, ತಲೆ ಎತ್ತಲಿಲ್ಲ.
"ದಿನಾ ಮುನ್ನೂರು ತರತಾಳ್ರಿ ಇಕಿ.
ನಿಮ್ಮ ಅಕ್ಷರ ಎಷ್ಟ ತರತಾವ?"
ನನಗೆ ಗೊತ್ತಿರಲಿಲ್ಲ. ಬಿ.ಎಡ್.ನಲ್ಲಿ ಅದನ್ನು ಕಲಿಸಿರಲಿಲ್ಲ.

ಗಂಟಿನೊಳಗಿನ ಚೀಟಿಯನ್ನು ಸೋಮಲಿಯೇ ಎತ್ತಿಕೊಂಡಳು.
ಗದಗಿನ ಮಣಿ ಸಾಹುಕಾರನದು;
ಅಂಥವಕ್ಕೆ ಅವ್ವ ಒತ್ತಿದ ಹೆಬ್ಬೆಟ್ಟಿಗೆ ಲೆಕ್ಕವಿಲ್ಲ.
ಬೆರಳಿಟ್ಟು ಎಡವುತ್ತ ಓದಿದಳು:
"ಸ... ರ... ಸರ. ನ... ಲ... ವ... ನಲವತ್ತು."
ಅವ್ವ ಎಣಿಸಿದಳು. ಮೂವತ್ತೆರಡು.
ಮತ್ತೊಮ್ಮೆ ಎಣಿಸಿದಳು.
ಬಹಳ ಹೊತ್ತು ಸಮುದ್ರವನ್ನೇ ನೋಡಿದಳು,
ಅದೇ ಎಂಟು ಸರ ಕದ್ದಂತೆ.

ನನ್ನ ಕಡೆ ತಿರುಗಿದಾಗ ಅದು ಗಿರಾಕಿಯನ್ನು ಅಳೆಯುವ ಕಣ್ಣು.
"ವಾರಕ್ಕ ಮೂರ ದಿನ ಕಳಸತೀನಿ."
ಆರು, ಅಂದೆ.
"ಹೊಟ್ಟಿಗೆ ಏನ್ ಹಾಕಲಿ? ಮೂರ."
ಐದು. ಮಧ್ಯಾಹ್ನದ ಊಟ ಅಲ್ಲೇ.
ಎದ್ದು ಹೊರಟಂತೆ ಮಾಡಿದೆ,
ಬೀಚಿನ ಗಿರಾಕಿಗಳಿಂದ ಕಲಿತ ಆಟ.
"ನಾಕು!" ಬೆನ್ನ ಹಿಂದಿನಿಂದ ಕೂಗಿದಳು, "ಲಾಸ್ಟ್ ಪ್ರೈಸ್!"

ಕಾಯ್ದೆ ಏನು ಹೇಳುತ್ತದೆಂದು ಬಲ್ಲೆ.
ನಾಲ್ಕಕ್ಕೇ ಒಪ್ಪಿದೆ.

ನವೆಂಬರಿನ ಹಾಳೆಯಲ್ಲಿ ಮೊದಲ ಸಲ ಅವಳ ಸಾಲಿಗೆ ಮಸಿ ಬಿದ್ದಿದೆ.
ವಾರಕ್ಕೆ ಎರಡು ಮನೆ ಮಾತ್ರ ಖಾಲಿ.
ಗೈರು ಅಂತ ಬರೆಯಲು ಕೈ ಬರಲಿಲ್ಲ, ಜಾಗ ಬಿಟ್ಟಿದ್ದೇನೆ.
ತಪಾಸಣೆಗೆ ಬಂದ ಸಾಹೇಬರು ಪೆನ್ನಿನ ತುದಿಯಿಟ್ಟು ಏನಿದು ಎಂದಾಗ
ನನ್ನ ಬಾಯಿಂದ ಅವಳ ಮಾತೇ ಬಂತು:
ಇವೆರಡು ಇನ್ನಾ ಬಂದಿಲ್ರಿ.